ಸೇವ್ ಆಯಿತು ಅಂದ ಫೈಲು ಎಲ್ಲಿ ಹೋಯಿತು? ಭೋಸರಿಯ ವರ್ಕ್‌ಶಾಪಿನ ಒಂದು ಪ್ರಕರಣ

2023ರ ಜೂನ್ 13, ಮಂಗಳವಾರ. ಮಧ್ಯಾಹ್ನ ಊಟ ಮಾಡಿ ಬಂದು ಕೂತಾಗ ಮೇಲ್ ಬಂದಿತ್ತು. ಚಾಕಣದಲ್ಲಿರುವ ನಮ್ಮ ಒಬ್ಬ ಕಸ್ಟಮರ್ ಕಡೆಯ ಕ್ವಾಲಿಟಿಯವರು ಬರೆದಿದ್ದರು. ನಾವು ಕೊಟ್ಟ 32 ಮಿಲಿಮೀಟರ್ ಬುಶ್ (ಶಾಫ್ಟಿನ ಮೇಲೆ ಕೂರುವ ಕೊಳವೆಯಂಥ ಭಾಗ) ಅವರ ಅಸೆಂಬ್ಲಿಯಲ್ಲಿ ಶಾಫ್ಟಿನ ಮೇಲೆ ಬಿಗಿಯಾಗುತ್ತಿದೆಯಂತೆ. ಏಪ್ರಿಲ್ 24ರಿಂದ ಮೇ 26ರವರೆಗೆ ಹೋದ ಆರು ಲಾಟಿನ ಇನ್ಸ್‌ಪೆಕ್ಷನ್ ರಿಪೋರ್ಟ್ ಶುಕ್ರವಾರದೊಳಗೆ ಬೇಕು ಅಂತ ಕೇಳಿದ್ದರು.

ಓದಿದಾಗ ನನಗೆ ಗಾಬರಿ ಆಗಲಿಲ್ಲ. ಆ ಬುಶ್ಶಿನ ಬೋರು, ಅಂದರೆ ಒಳಗಿನ ತೂತಿನ ಅಳತೆ, 25.000ರಿಂದ 25.021 ಮಿಲಿಮೀಟರಿನೊಳಗೆ ಇರಬೇಕು. ಪ್ರತಿ ಲಾಟಿನಲ್ಲೂ ಐದು ಪೀಸ್ ಅಳೆದು, ಬರೆದು, ಆಮೇಲೇ ಟೆಂಪೊ ಹತ್ತಿಸುತ್ತೇವೆ. ಈ ಕಸ್ಟಮರ್‌ಗೆ ಚಲನ್ ಜೊತೆ ರಿಪೋರ್ಟ್ ಕಳಿಸುವ ಪದ್ಧತಿ ಇಲ್ಲ. ನಾವೇ ಇಟ್ಟುಕೊಂಡಿರಬೇಕು, ಕೇಳಿದಾಗ ಕೊಡಬೇಕು. ಫೋಲ್ಡರ್ ತೆಗೆದು ಆರು ಫೈಲು ಹುಡುಕಿ ಕಳಿಸಿದರೆ ಮುಗೀತು ಅಂದುಕೊಂಡು, ಇನ್ಸ್‌ಪೆಕ್ಷನ್ ನೋಡುವ ಹುಡುಗನಿಗೆ ಹೇಳಿದೆ.

ಹತ್ತು ನಿಮಿಷಕ್ಕೆ ಅವನು ಬಾಗಿಲಲ್ಲಿ ಬಂದು ನಿಂತ.

"ಸರ, ಎರಡ ಸಿಕ್ಕಾವ್ರಿ."

"ಉಳಿದ ನಾಕು?"

"ಒಂದರದು ಫೈಲ್ ಐತ್ರಿ, ಆದ್ರ ಒಳಗ ಪಿನ್ನಿಂದು ಐತಿ. ಇನ್ನ ಮೂರು ಕಾಣವಲ್ವು ನೋಡ್ರಿ."

ನಾನು ಎದ್ದು ಹೋಗಿ ನೋಡಿದೆ. ಅವನು ಹೇಳಿದ್ದು ನಿಜವಾಗಿತ್ತು.

ನಮ್ಮದು ಪುಣೆ ಹತ್ತಿರದ ಭೋಸರಿ ಎಂಐಡಿಸಿಯ (ಕೈಗಾರಿಕಾ ಪ್ರದೇಶದ) ಸಣ್ಣ ವರ್ಕ್‌ಶಾಪ್. ನಾಲ್ಕು ಸಿಎನ್‌ಸಿ ಲೇತು, ಒಂದು ಗ್ರೈಂಡಿಂಗ್ ಮಷೀನು, ಇಪ್ಪತ್ತೆರಡು ಜನ. ಮಾಲಕರು ನಿಪ್ಪಾಣಿ ಕಡೆಯವರು. ನಾನು ಧಾರವಾಡದಿಂದ ಬಂದು ಇಲ್ಲೇ ನೆಲೆ ನಿಂತವನು, ಲೆಕ್ಕ ಮತ್ತು ಡಿಸ್ಪ್ಯಾಚ್ ನನ್ನ ಕೆಲಸ. ಮಷೀನಿನ ಮೇಲೆ ಇರುವವರಲ್ಲಿ ಅರ್ಧಕ್ಕರ್ಧ ವಿಜಯಪುರ, ಕಲಬುರಗಿ ಕಡೆಯ ಹುಡುಗರು. ಹಾಗಾಗಿ ಶಾಪಿನೊಳಗೆ ಕನ್ನಡ, ಚಹಾದ ಟಪರಿಯಲ್ಲಿ ಮರಾಠಿ, ಫೋನಿನಲ್ಲಿ ಹಿಂದಿ. ನಮಗೆ ವಾರದ ರಜೆ ಗುರುವಾರ. ಜೂನ್ 15ರ ಗುರುವಾರ ನಾನು, ಆ ಹುಡುಗ ಇಬ್ಬರೇ ಶಟರ್ ಅರ್ಧ ಎತ್ತಿಕೊಂಡು ಕೂತೆವು. ಅವತ್ತು ಕಂಡದ್ದನ್ನು ಬಿಡಿಸಿ ಬರೆಯುತ್ತಿದ್ದೇನೆ. ಯಾಕೆಂದರೆ ನಮ್ಮಲ್ಲಿದ್ದಂಥ ನಾಲ್ಕು ಸಾಲಿನ ಮ್ಯಾಕ್ರೊ (ಎಕ್ಸೆಲ್‌ನಿಂದ ಕೆಲಸ ತಾನಾಗಿ ಮಾಡಿಸುವ ಸಣ್ಣ ಕೋಡು) ಇನ್ನೂ ಎಷ್ಟೋ ಶಾಪಿನಲ್ಲಿ, ಎಷ್ಟೋ ಆಫೀಸಿನಲ್ಲಿ ಹಾಗೇ ಓಡುತ್ತಿರುತ್ತದೆ.

ಹಳೆಯ ಬಟನ್ನಿನ ಹಿಂದೆ ಇದ್ದದ್ದು

ಕೆಲಸ ನಡೆಯುತ್ತಿದ್ದ ರೀತಿ ಹೀಗೆ. ಒಂದು ಮೂಲ ಎಕ್ಸೆಲ್ ಫೈಲು ಇತ್ತು. ಹುಡುಗ ಅದನ್ನು ತೆರೆದು ಪಾರ್ಟ್ ನಂಬರ್, ಲಾಟ್ ನಂಬರ್, ತಾರೀಖು ಹಾಕುತ್ತಿದ್ದ. ಐದು ಪೀಸಿನ ರೀಡಿಂಗ್ ತುಂಬುತ್ತಿದ್ದ. ಹದ್ದು ಮೀರಿದ ರೀಡಿಂಗ್ ಇದ್ದರೆ ಸೆಲ್ ಕೆಂಪಾಗುತ್ತಿತ್ತು. ಆಮೇಲೆ ಮೇಲಿನ ನೀಲಿ ಬಟನ್ ಒತ್ತುತ್ತಿದ್ದ. 'ರಿಪೋರ್ಟ್ ಸೇವ್ಡ್' ಅಂತ ಡಬ್ಬಿ ಬರುತ್ತಿತ್ತು. ಅವನು ಓಕೆ ಒತ್ತಿ ಮುಂದಿನ ಲಾಟಿಗೆ ಹೋಗುತ್ತಿದ್ದ.

ಬಟನ್ನಿನ ಹಿಂದೆ ಇದ್ದ ವಿಬಿಎ (ಎಕ್ಸೆಲ್ ಮ್ಯಾಕ್ರೊ ಬರೆಯುವ ಭಾಷೆ) ಕೋಡಿನಲ್ಲಿ ಮುಖ್ಯವಾಗಿ ನಾಲ್ಕೇ ಸಾಲು. ಮೊದಲನೆಯದು 'ಆನ್ ಎರರ್ ರೆಸ್ಯೂಮ್ ನೆಕ್ಸ್ಟ್'. ಅಂದರೆ ತಪ್ಪು ಬಂದರೂ ನಿಲ್ಲಬೇಡ, ಮುಂದಿನ ಸಾಲಿಗೆ ಹೋಗು. ಎರಡನೆಯದು 'ಡಿಸ್‌ಪ್ಲೇ ಅಲರ್ಟ್ಸ್' ಬಂದ್. ಅಂದರೆ ಎಕ್ಸೆಲ್ ಯಾವ ಎಚ್ಚರಿಕೆಯನ್ನೂ ಕೇಳಬಾರದು. ಮೂರನೆಯದು ಪಾರ್ಟ್ ನಂಬರ್, ತಾರೀಖು ಜೋಡಿಸಿ ಆ ಹೆಸರಿನಲ್ಲಿ 'ಸೇವ್‌ಆಸ್'. ನಾಲ್ಕನೆಯದು ಆ ಸಂದೇಶದ ಡಬ್ಬಿ. ಮೊದಲ ಮೂರು ಸಾಲು ನಮ್ಮಲ್ಲಿ ಮೊದಲು ಇದ್ದವರೊಬ್ಬರು ಬರೆದದ್ದು. ನಾಲ್ಕನೆಯದನ್ನು 2021ರಲ್ಲಿ ನಾನೇ ಸೇರಿಸಿದ್ದೆ. ಹುಡುಗ ಹೊಸದಾಗಿ ಸೇರಿದ್ದ, "ಸೇವ್ ಆತೋ ಇಲ್ಲೋ ಹೆಂಗ ಗೊತ್ತಾಗಬೇಕ್ರಿ" ಅಂತ ಕೇಳಿದ್ದ, ಅದಕ್ಕೆ.

ಆರರಲ್ಲಿ ನಾಲ್ಕು ಲಾಟ್ ಹೋಗಿದ್ದವು. ಒಂದೇ ಕಾರಣಕ್ಕೆ ಹೋಗಿರಲಿಲ್ಲ. ಮೂರು ಬೇರೆ ಬೇರೆ ದಾರಿಯಲ್ಲಿ ಹೋಗಿದ್ದವು.

ಮೇ 3ರ ಫೈಲನ್ನು ಮೊದಲು ತೆರೆದೆವು. ಹೆಸರು ಬುಶ್ಶಿನದು. ಒಳಗೆ ಪಾರ್ಟ್ ನಂಬರ್ 12 ಮಿಲಿಮೀಟರ್ ಪಿನ್ನಿನದು. ವಿಚಿತ್ರ ಅಂದರೆ ಐದು ಪೀಸಿನ ಬದಲು ಎರಡೇ ಪೀಸಿನ ರೀಡಿಂಗ್: 11.989, 11.991. ಉಳಿದ ಮೂರು ಸಾಲು ಖಾಲಿ. ಅದೇ ದಿನದ ಪಿನ್ನಿನ ಫೈಲು ತೆಗೆದರೆ ಅದರಲ್ಲಿ ಐದೂ ಇವೆ, ಮೊದಲೆರಡು ಇವೇ ಅಂಕಿ. ಈ ಅರ್ಧ ತುಂಬಿದ ಹಾಳೆಯನ್ನು ನೋಡಿದ ಮೇಲೆ ವಿಷಯ ಹೊಳೆಯಿತು.

ಸೇವ್‌ಆಸ್ ಮಾಡಿದರೆ ಎಕ್ಸೆಲ್ ಹೊಸ ಹೆಸರಿನಲ್ಲಿ ಫೈಲು ಬರೆಯುತ್ತದೆ. ಜೊತೆಗೆ, ನಿಮ್ಮ ಮುಂದೆ ತೆರೆದಿರುವ ಫೈಲೇ ಆ ಹೊಸ ಫೈಲು ಆಗಿಬಿಡುತ್ತದೆ. ಮೂಲ ಫೈಲು ಮುಚ್ಚಿ ಹೋಗುತ್ತದೆ. ಕಿಟಕಿಯ ಮೇಲ್ಗಡೆ ಹೆಸರು ಬದಲಾಗುತ್ತದೆ ಅಷ್ಟೇ, ಹಾಳೆ ಹಾಗೇ ಕಾಣುತ್ತದೆ. ಹುಡುಗ ಬುಶ್ಶಿನ ರಿಪೋರ್ಟಿಗೆ ಬಟನ್ ಒತ್ತಿದ. ಅಲ್ಲಿಂದ ಮುಂದೆ ಅವನ ಮುಂದಿದ್ದದ್ದು ಬುಶ್ಶಿನ ರಿಪೋರ್ಟೇ. ಅವನಿಗೆ ಮಾತ್ರ ಅದು ಖಾಲಿ ನಮೂನೆ. ರೀಡಿಂಗ್ ಅಳಿಸಿ ಪಿನ್ನಿನದು ತುಂಬತೊಡಗಿದ. ಎರಡು ಪೀಸ್ ಆದ ಮೇಲೆ ಕಂಟ್ರೋಲ್ ಎಸ್ ಒತ್ತಿದ. ನಮ್ಮಲ್ಲಿ ಲೈಟು ಯಾವಾಗ ಹೋಗುತ್ತದೋ ಗೊತ್ತಿಲ್ಲ, ಆಗಾಗ ಸೇವ್ ಮಾಡ್ಕೋ ಅಂತ ಅವನಿಗೆ ಕಲಿಸಿದ್ದೇ ನಾವು. ಒಳ್ಳೆಯ ಅಭ್ಯಾಸ, ಆದರೆ ಆ ಒಂದು ಒತ್ತಿಗೆ ಬುಶ್ಶಿನ ರಿಪೋರ್ಟ್ ಅಳಿಸಿ ಹೋಯಿತು.

ಮೇ 12ರಂದು ಅದೇ ಬುಶ್ಶಿನ ಎರಡು ಲಾಟ್ ಹೋಗಿದ್ದವು, ಬೆಳಗ್ಗೆ ಒಂದು, ಸಂಜೆ ಒಂದು. ಹೆಸರಿನಲ್ಲಿ ಪಾರ್ಟ್ ಮತ್ತು ತಾರೀಖು ಮಾತ್ರ ಇತ್ತು. ಲಾಟ್ ನಂಬರ್ ಇರಲಿಲ್ಲ. ಸಂಜೆಯದು ಬೆಳಗಿನದರ ಮೇಲೆ ಕೂತಿತು. ಸಾಮಾನ್ಯವಾಗಿ ಎಕ್ಸೆಲ್ ಇಂಥಲ್ಲಿ 'ಈ ಹೆಸರಿನ ಫೈಲು ಈಗಾಗಲೇ ಇದೆ, ಬದಲಾಯಿಸಲಾ?' ಅಂತ ಕೇಳುತ್ತದೆ. ಕೀಬೋರ್ಡಿನ ಎಂಟರ್ ಒತ್ತಿದರೆ ಅಲ್ಲಿ 'ಬೇಡ' ಅಂತಲೇ ಹೋಗುವುದು. ಡಿಸ್‌ಪ್ಲೇ ಅಲರ್ಟ್ಸ್ ಬಂದ್ ಮಾಡಿದಾಗ ಮಾತ್ರ ಎಕ್ಸೆಲ್ ತಾನೇ 'ಹೌದು' ಅಂದುಕೊಂಡು ಹಳೆಯದನ್ನು ಒರೆಸಿಬಿಡುತ್ತದೆ. ಎಚ್ಚರಿಕೆ ಬಂದ್ ಮಾಡಿದರೆ ಕೆಲಸ ಸುಮ್ನೆ ಆಗುತ್ತದೆ ಅಂತ ತುಂಬಾ ಜನ ಈ ಸಾಲು ಹಾಕುತ್ತಾರೆ. ಹಾಗೆ ಒರೆಸಿದ್ದು ರಿಸೈಕಲ್ ಬಿನ್ನಿಗೂ ಹೋಗುವುದಿಲ್ಲ. ಮ್ಯಾಕ್ರೊ ಮಾಡಿದ ಕೆಲಸಕ್ಕೆ ಕಂಟ್ರೋಲ್ ಜೆಡ್ ಕೂಡ ನಡೆಯುವುದಿಲ್ಲ.

ಇನ್ನು ಮೇ 19 ಮತ್ತು 26. ಇವೆರಡಕ್ಕೆ ಫೈಲೇ ಇರಲಿಲ್ಲ. ಹುಡುಗ ಪದೇ ಪದೇ ಹೇಳುತ್ತಿದ್ದ, "ದಿನಾ ಸೇವ್ಡ್ ಅಂತ ತೋರಸ್ತಿತ್ತಲ್ರಿ ಸರ, ನಾ ಬಿಟ್ಟಿಲ್ರಿ." ಅವನ ಮುಖ ಸಣ್ಣದಾಗಿತ್ತು. ಫೋಲ್ಡರನ್ನು ತಾರೀಖಿನ ಪ್ರಕಾರ ಜೋಡಿಸಿ ನೋಡಿದಾಗ ನನ್ನ ಎದೆ ಧಸಕ್ಕೆಂದಿತು. ಮೇ 15ರ ನಂತರ ಬುಶ್ ಮಾತ್ರ ಅಲ್ಲ, ಯಾವ ಪಾರ್ಟಿನದೂ ಒಂದೇ ಒಂದು ರಿಪೋರ್ಟ್ ಇರಲಿಲ್ಲ.

ಮೇ 15ಕ್ಕೆ ನಾವು ಇನ್ಸ್‌ಪೆಕ್ಷನ್ ಟೇಬಲಿಗೆ ಹೊಸ ಕಂಪ್ಯೂಟರ್ ಹಾಕಿದ್ದೆವು. ಹಳೆಯದರಲ್ಲಿ ವಿಂಡೋಸ್‌ನ ತಾರೀಖು ನಮ್ಮ ದೇಶದ ರೀತಿಯಲ್ಲಿತ್ತು, 12-05-2023 ಅಂತ ನಡುವೆ ಅಡ್ಡಗೆರೆ. ಹೊಸದು ಅಮೆರಿಕದ ಸೆಟ್ಟಿಂಗಿನಲ್ಲೇ ಬಂದಿತ್ತು, 5/19/2023 ಅಂತ ನಡುವೆ ಓರೆಗೆರೆ. ಮ್ಯಾಕ್ರೊ ತಾರೀಖನ್ನು ಕಂಪ್ಯೂಟರ್ ಹೇಗೆ ತೋರಿಸುತ್ತದೋ ಹಾಗೇ ಹೆಸರಿಗೆ ಅಂಟಿಸುತ್ತಿತ್ತು. ವಿಂಡೋಸ್ ಫೈಲಿನ ಹೆಸರಿನಲ್ಲಿ ಓರೆಗೆರೆ ನಡೆಯುವುದಿಲ್ಲ. ಅದರ ಜೊತೆ ಹಿಮ್ಮುಖ ಓರೆಗೆರೆ, ಕೋಲನ್, ನಕ್ಷತ್ರ, ಪ್ರಶ್ನೆ ಚಿಹ್ನೆ, ಜೋಡಿ ಉದ್ಧರಣ ಚಿಹ್ನೆ, ಎರಡು ಕೋನದ ಚಿಹ್ನೆ, ನೇರ ಗೆರೆ ಇವೂ ನಡೆಯುವುದಿಲ್ಲ. ಸೇವ್‌ಆಸ್ ಪ್ರತಿ ಸಲವೂ 1004 ಎಂಬ ತಪ್ಪು ಕೊಟ್ಟು ಬಿದ್ದಿದೆ. ತಪ್ಪು ಬಂದರೂ ಮುಂದೆ ಹೋಗು ಅಂತ ಮೊದಲ ಸಾಲು ಹೇಳಿತ್ತು. ಮುಂದಿನ ಸಾಲು ನಾನು ಬರೆದ ಸಂದೇಶ. ಸುಮಾರು ಒಂದು ತಿಂಗಳು ಆ ಡಬ್ಬಿ ಇಲ್ಲದ ಫೈಲನ್ನು ಸೇವ್ ಆಗಿದೆ ಅಂತ ಹೇಳುತ್ತಾ ಬಂದಿದೆ.

ಹುಡುಗನದು ಇದರಲ್ಲಿ ಒಂದಿಷ್ಟೂ ತಪ್ಪಿಲ್ಲ ಅಂತ ನಾನು ಮಾಲಕರಿಗೆ ಅವತ್ತೇ ಫೋನ್ ಮಾಡಿ ಹೇಳಿದೆ. ಇದನ್ನು ಬರೆದೂ ಇಡಬೇಕು ಅನ್ನಿಸಿತು. ಇಂಥ ಹೊತ್ತಿನಲ್ಲಿ ಬಟನ್ ಒತ್ತಿದವನ ಮೇಲೆ ಮೊದಲು ಕೈ ತೋರಿಸುತ್ತಾರೆ, ಅಲ್ವಾ? ಅವನು ಹೇಳಿಕೊಟ್ಟ ಹಾಗೇ ಮಾಡಿದ್ದ.

ಎಣ್ಣೆ ಮೆತ್ತಿದ ವಹಿ

ನಮ್ಮನ್ನು ಉಳಿಸಿದ್ದು ಪೆನ್ಸಿಲು. ಶಾಪಿನೊಳಗೆ ಕಂಪ್ಯೂಟರ್ ಇಲ್ಲ. ಹುಡುಗ ಮಷೀನಿನ ಪಕ್ಕದಲ್ಲೇ ಬೋರ್ ಗೇಜ್ ಹಾಕಿ ಅಳೆದು, ಒಂದು ಉದ್ದ ವಹಿಯಲ್ಲಿ ಪೆನ್ಸಿಲಿನಿಂದ ಬರೆದುಕೊಂಡು, ಆಮೇಲೆ ಒಳಗೆ ಬಂದು ಎಕ್ಸೆಲ್‌ಗೆ ಏರಿಸುತ್ತಿದ್ದ. ವಹಿ ಅವನ ಬೀರುವಿನಲ್ಲಿತ್ತು. ಹಾಳೆಯ ಅಂಚೆಲ್ಲ ಹೆಬ್ಬೆರಳಿನ ಕರಿ ಗುರುತು. ಮೇ 3, ಮೇ 12ರ ಬೆಳಗಿನದು, ಮೇ 26, ಮೂರೂ ಸಿಕ್ಕವು. ಒಂದೊಂದರಲ್ಲೂ ಐದು ರೀಡಿಂಗ್, ಲಾಟ್ ನಂಬರ್, ಗೇಜಿನ ನಂಬರ್. 25.008, 25.011, 25.009 ಹೀಗೆ. ಮೇ 19ರ ಹಾಳೆಯ ಮೇಲೆ ಕೂಲಂಟ್ ಚೆಲ್ಲಿತ್ತು. ಮೂರು ಅಂಕಿ ಓದಬಹುದಿತ್ತು, ಎರಡು ಕಲೆಯಾಗಿ ಹೋಗಿದ್ದವು.

ಇಲ್ಲೊಂದು ಮಾತು ಹೇಳಲೇಬೇಕು. ಆ ಎರಡು ಜಾಗದಲ್ಲಿ ಹೊಂದುವ ಹಾಗೆ ಎರಡು ಅಂಕಿ ಬರೆದು ಕಳಿಸುವುದು ನಿಮಿಷದ ಕೆಲಸ. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮಾಲಕರು ಬೇಡ ಅಂದರು. ಮೂರು ಲಾಟಿನ ರಿಪೋರ್ಟ್ ವಹಿಯಿಂದ ಏರಿಸಿ, ಮೇಲ್ಗಡೆ 'ಕೈಬರಹದ ವಹಿಯಿಂದ ಜೂನ್ 15ರಂದು ಮತ್ತೆ ಏರಿಸಿದ್ದು' ಅಂತ ಬರೆದೆವು. ವಹಿಯ ಹಾಳೆಗಳ ಫೋಟೊ ಜೊತೆಗಿಟ್ಟೆವು. ಮೇ 19ಕ್ಕೆ ಮೂರೇ ರೀಡಿಂಗ್, ಉಳಿದೆರಡು ಖಾಲಿ, ಕಾರಣ ಇಂಥದ್ದು ಅಂತ ಇ-ಮೇಲಿನಲ್ಲಿ ಬಿಚ್ಚಿ ಹೇಳಿದೆವು. ಆ ಲಾಟಿನ ಉಳಿದ ಮಾಲು ಕಸ್ಟಮರ್ ಸ್ಟೋರಿನಲ್ಲಿತ್ತು, ಅವರು ಒಂದೊಂದೂ ಅಳೆದು ಕೊಡಿ ಅಂದರು. ಹುಡುಗ ಮತ್ತು ಇನ್ನೊಬ್ಬ ಗೇಜ್ ತೆಗೆದುಕೊಂಡು ಎರಡು ದಿನ ಚಾಕಣಕ್ಕೆ ಹೋಗಿ ಬಂದರು.

ಹೊಸ ಮ್ಯಾಕ್ರೊ

ಮುಂದಿನ ಎರಡು ಗುರುವಾರ ಹೊಸದನ್ನು ಕಟ್ಟಿದೆವು. ನಾನು ಪ್ರೋಗ್ರಾಮರ್ ಅಲ್ಲ, ಕೆಲಸ ಮಾಡುತ್ತಾ ವಿಬಿಎ ಕಲಿತವನು. ಆದರೂ ಒಂದು ಮಾತು ಮೊದಲೇ ಗಟ್ಟಿ ಮಾಡಿಕೊಂಡೆವು. ಮೂಲ ಫೈಲು ಯಾವ ಕಾರಣಕ್ಕೂ ರಿಪೋರ್ಟ್ ಆಗಬಾರದು. ರಿಪೋರ್ಟ್ ಆದದ್ದು ಮತ್ತೆ ಮೂಲ ಫೈಲಿನ ಹಾಗೆ ಕಾಣಬಾರದು. ಹಳೆಯ ಪದ್ಧತಿಯಲ್ಲಿ ಪ್ರತಿ ರಿಪೋರ್ಟಿನ ಒಳಗೂ ಅದೇ ಬಟನ್ನು, ಅದೇ ಮ್ಯಾಕ್ರೊ ಹೋಗಿ ಕೂತಿತ್ತು. ಎರಡು ಕಿಟಕಿ ತೆರೆದಿಟ್ಟರೆ ಯಾವುದು ಯಾವುದು ಅಂತ ನನಗೇ ತಿಳಿಯುತ್ತಿರಲಿಲ್ಲ.

ಈಗ ಬಟನ್ ಒತ್ತಿದರೆ ರಿಪೋರ್ಟಿನ ಹಾಳೆ ಮಾತ್ರ ಹೊಸ ವರ್ಕ್‌ಬುಕ್ಕಿಗೆ, ಅಂದರೆ ಹೊಸ ಎಕ್ಸೆಲ್ ಫೈಲಿಗೆ, ಕಾಪಿ ಆಗುತ್ತದೆ. ವರ್ಕ್‌ಶೀಟಿನ 'ಕಾಪಿ' ಆದೇಶಕ್ಕೆ ಎಲ್ಲಿಗೆ ಅಂತ ಹೇಳದೆ ಬಿಟ್ಟರೆ ಎಕ್ಸೆಲ್ ತಾನೇ ಹೊಸ ವರ್ಕ್‌ಬುಕ್ ಮಾಡಿ ಅದರಲ್ಲಿ ಹಾಕುತ್ತದೆ. ಆದರೆ ಸೂತ್ರಗಳು ಹಾಗೇ ಬರುತ್ತವೆ, ಮೂಲ ಫೈಲಿನ ಕಡೆ ಕೈ ಚಾಚಿಕೊಂಡೇ ಇರುತ್ತವೆ. ಆರು ತಿಂಗಳ ನಂತರ ಮೂಲ ಫೈಲಿನಲ್ಲಿ ಟಾಲರೆನ್ಸ್ (ಅಳತೆಯ ಹದ್ದು) ಬದಲಾದರೆ, ಹಳೆಯ ರಿಪೋರ್ಟಿನಲ್ಲಿ ಲಿಂಕ್ ಅಪ್‌ಡೇಟ್ ಮಾಡಲಾ ಅಂತ ಕೇಳುತ್ತದೆ. ಯಾರೋ ಹೌದು ಅಂದರೆ ಹಳೆಯ ಹಾಳೆಯ ಅಂಕಿ ಬದಲಾಗುತ್ತದೆ. ಅದಕ್ಕೆ ಕಾಪಿ ಆದ ತಕ್ಷಣ ಸೂತ್ರಗಳನ್ನೆಲ್ಲ ಬರೀ ಅಂಕಿ ಮಾಡುತ್ತೇವೆ. ಬಟನ್ ಕೂಡ ಕಾಪಿಯಲ್ಲಿ ಬಂದಿರುತ್ತದೆ, ಅದನ್ನು ತೆಗೆಯುತ್ತೇವೆ. ಆಮೇಲೆ ಸೇವ್‌ಆಸ್, ಆದರೆ ಈ ಸಲ ಅದು ನಡೆಯುವುದು ಆ ಹೊಸ ವರ್ಕ್‌ಬುಕ್ಕಿನ ಮೇಲೆ. ಕ್ಲೋಸ್. ಹುಡುಗನ ಮುಂದೆ ಮೂಲ ಫೈಲು ಮೂಲ ಫೈಲಾಗಿಯೇ ಉಳಿಯುತ್ತದೆ.

ಸೇವ್‌ಆಸ್‌ನಲ್ಲಿ ಹೆಸರಿನ ಕೊನೆಯ ಎಕ್ಸ್‌ಎಲ್‌ಎಸ್‌ಎಕ್ಸ್ ಬರೆದರೆ ಸಾಲದು, ಫೈಲ್ ಫಾರ್ಮ್ಯಾಟ್ ಅಂತ ಒಂದು ಅಂಕಿಯನ್ನೂ ಕೊಡಬೇಕು. ಎಕ್ಸೆಲ್ 2007ರಿಂದ ಮ್ಯಾಕ್ರೊ ಇಲ್ಲದ ಫೈಲು ಮತ್ತು ಮ್ಯಾಕ್ರೊ ಇರುವ ಫೈಲು ಬೇರೆ ಬೇರೆ ಜಾತಿ. ಮ್ಯಾಕ್ರೊ ಇಲ್ಲದ ಎಕ್ಸ್‌ಎಲ್‌ಎಸ್‌ಎಕ್ಸ್‌ಗೆ 51, ಇರುವ ಎಕ್ಸ್‌ಎಲ್‌ಎಸ್‌ಎಂಗೆ 52. ನಾವು 51 ಕೊಡುತ್ತೇವೆ. ಕೋಡನ್ನು ಹಾಳೆಯ ಹಿಂದೆ ಬರೆಯದೆ ಬೇರೆ ಮಾಡ್ಯೂಲಿನಲ್ಲಿ ಇಟ್ಟಿದ್ದೇವೆ. ಹಾಗಾಗಿ ಹಾಳೆಯ ಜೊತೆ ಕೋಡ್ ಹೋಗುವುದಿಲ್ಲ, 'ಮ್ಯಾಕ್ರೊ ಕಳೆದು ಹೋಗುತ್ತದೆ' ಎಂಬ ಎಚ್ಚರಿಕೆಯೂ ಬರುವುದಿಲ್ಲ. ಡಿಸ್‌ಪ್ಲೇ ಅಲರ್ಟ್ಸ್ ಮುಟ್ಟುವ ಅಗತ್ಯವೇ ಬೀಳಲಿಲ್ಲ. ಇದು ನನಗೆ ಬಹಳ ಸಮಾಧಾನ ಕೊಟ್ಟ ಸಂಗತಿ.

ಹೆಸರಿಗೆ ಪಾರ್ಟ್ ನಂಬರ್, ವರ್ಷ-ತಿಂಗಳು-ದಿನ, ಲಾಟ್ ನಂಬರ್. ತಾರೀಖನ್ನು 'ಫಾರ್ಮ್ಯಾಟ್' ಎಂಬ ಆದೇಶದಿಂದ 2023-06-22 ಅಂತಲೇ ಬರುವ ಹಾಗೆ ಕಟ್ಟಿ ಹಾಕಿದ್ದೇವೆ, ಕಂಪ್ಯೂಟರ್ ಯಾವ ದೇಶದ್ದಾದರೂ ಇರಲಿ. ವರ್ಷ ಮುಂದೆ ಇದ್ದರೆ ಇನ್ನೊಂದು ಲಾಭ: ಹೆಸರಿನ ಪ್ರಕಾರ ಜೋಡಿಸಿದರೂ ತಾರೀಖಿನ ಸಾಲಿನಲ್ಲೇ ಬರುತ್ತವೆ. ನಮ್ಮ ಕೆಲವು ಪಾರ್ಟ್ ನಂಬರಿನಲ್ಲೇ ಓರೆಗೆರೆ ಇದೆ, ಡ್ರಾಯಿಂಗಿನಿಂದ ಬಂದದ್ದು. ಅದನ್ನು ಹೆಸರಿನಲ್ಲಿ ಮಾತ್ರ ಅಡ್ಡಗೆರೆ ಮಾಡುತ್ತೇವೆ, ಹಾಳೆಯಲ್ಲಿ ಹಾಗೇ ಬಿಡುತ್ತೇವೆ. ಬರೆಯುವ ಮುಂಚೆ 'ಡಿರ್' ಎಂಬ ಆದೇಶದಿಂದ ಆ ಹೆಸರು ಮೊದಲೇ ಇದೆಯಾ ಅಂತ ನೋಡುತ್ತೇವೆ. ಇದ್ದರೆ ಕೊನೆಗೆ 02 ಸೇರಿಸು, ಅದೂ ಇದ್ದರೆ 03. ಹಳೆಯದನ್ನು ಒರೆಸುವ ದಾರಿಯನ್ನೇ ಇಟ್ಟಿಲ್ಲ.

ಫೋಲ್ಡರ್ ಹೇಗಿರಬೇಕು ಅನ್ನುವುದಕ್ಕೆ ಒಂದು ಸಂಜೆ ಮಾತಾಯಿತು. ತಿಂಗಳ ಪ್ರಕಾರ ಇಡೋಣ ಅಂದೆ ನಾನು, ಲೆಕ್ಕದವನಿಗೆ ಅದೇ ಅಭ್ಯಾಸ. ಹುಡುಗ ಒಪ್ಪಲಿಲ್ಲ. "ಕೇಳಾವ್ರು ತಿಂಗಳಾ ಹಿಡದು ಕೇಳೂದಿಲ್ರಿ ಸರ, ಪಾರ್ಟ್ ಹಿಡದು ಕೇಳ್ತಾರ." ಅವನ ಮಾತು ಸರಿ. ಐಎಟಿಎಫ್ 16949 (ವಾಹನ ಉದ್ಯಮದ ಗುಣಮಟ್ಟದ ನಿಯಮ) ಪ್ರಕಾರ ನಡೆಯುವ ಆಟೊ ಕಂಪನಿಗಳು ಒಂದು ಪೀಸ್ ಕೈಯಲ್ಲಿ ಹಿಡಿದು, ಇದು ಯಾವ ಲಾಟ್, ಯಾರು ಅಳೆದರು ಅಂತ ಹಿಂದಕ್ಕೆ ಹೋಗುತ್ತಾರೆ. ಹಾಗಾಗಿ ಪಾರ್ಟಿನ ಫೋಲ್ಡರ್, ಅದರೊಳಗೆ ವರ್ಷ. ಫೋಲ್ಡರ್ ಮಾಡುವ 'ಎಂಕೆಡಿರ್' ಒಂದು ಸಲಕ್ಕೆ ಒಂದೇ ಮೆಟ್ಟಿಲು ಮಾಡುತ್ತದೆ. ಪಾರ್ಟಿನ ಫೋಲ್ಡರ್ ಇಲ್ಲದೆ ವರ್ಷದ್ದು ಮಾಡು ಅಂದರೆ 76ನೇ ತಪ್ಪು, ಇರುವುದನ್ನೇ ಮತ್ತೆ ಮಾಡು ಅಂದರೆ 75ನೇ ತಪ್ಪು. ಎರಡನ್ನೂ ಮೊದಲೇ ನೋಡಿಕೊಳ್ಳಬೇಕು. ಹೆಸರು, ದಾರಿ ಎರಡೂ ಸೇರಿ 218 ಅಕ್ಷರ ದಾಟಿದರೆ ಎಕ್ಸೆಲ್ ತಕರಾರು ಮಾಡುತ್ತದೆ. ಫೋಲ್ಡರಿನೊಳಗೆ ಫೋಲ್ಡರ್ ಜಾಸ್ತಿ ಮಾಡದಿರಲು ಅದೂ ಒಂದು ಕಾರಣ.

ಎಲ್ಲಕ್ಕಿಂತ ಜಾಸ್ತಿ ಹೊತ್ತು ಕೂತದ್ದು 'ಸೇವ್ ಆಯಿತು' ಅನ್ನುವ ಮಾತಿನ ಮೇಲೆ. ತಪ್ಪು ಬಂದರೆ ಮುಂದೆ ಹೋಗು ಅನ್ನುವ ಸಾಲು ತೆಗೆದುಹಾಕಿದೆವು. ತಪ್ಪು ಬಂದರೆ ಈ ಜಾಗಕ್ಕೆ ಹೋಗಿ ನಿಲ್ಲು, ತಪ್ಪಿನ ನಂಬರ್ ತೋರಿಸು ಅಂತ ಮಾಡಿದೆವು. ಅಷ್ಟು ಸಾಲದು ಅನ್ನಿಸಿತು. ಈಗ ಮ್ಯಾಕ್ರೊ ಫೈಲು ಬರೆದು ಮುಚ್ಚಿದ ಮೇಲೆ ಅದನ್ನೇ ಓದುವುದಕ್ಕೆ ಮಾತ್ರ ಮತ್ತೆ ತೆರೆಯುತ್ತದೆ. ಒಳಗಿನ ಲಾಟ್ ನಂಬರ್ ಮತ್ತು ಐದನೇ ಪೀಸಿನ ರೀಡಿಂಗ್ ಮೂಲ ಹಾಳೆಯ ಜೊತೆ ತಾಳೆ ನೋಡುತ್ತದೆ. ಹೊಂದಿದರೆ ಮಾತ್ರ ಹಸಿರು ಸಂದೇಶ. ಆಮೇಲೆಯೇ ನಮೂನೆಯ ರೀಡಿಂಗ್ ಅಳಿಸುವುದು. ಒಂದೆರಡು ಸೆಕೆಂಡ್ ತಡ ಆಗುತ್ತದೆ. ಆಗಲಿ.

ಆ ಸಂದೇಶ ಕನ್ನಡದಲ್ಲಿ ಬೇಕು ಅಂತ ಹುಡುಗ ಕೇಳಿದ. ಅವನು ಕನ್ನಡ ಶಾಲೆಯಲ್ಲಿ ಓದಿದವನು. ವಿಬಿಎ ಎಡಿಟರಿನಲ್ಲಿ ಕನ್ನಡ ಅಂಟಿಸಿದೆ. ಸಾಲು ತುಂಬಾ ಪ್ರಶ್ನೆ ಚಿಹ್ನೆ ಬಂತು. 1993ರಲ್ಲಿ ಎಕ್ಸೆಲ್ 5ರ ಜೊತೆ ಬಂದ ವಿಬಿಎಯ ಎಡಿಟರ್ ಇವತ್ತಿಗೂ ಯೂನಿಕೋಡ್ (ಕನ್ನಡದಂಥ ಲಿಪಿಗಳನ್ನು ಕಂಪ್ಯೂಟರಿನಲ್ಲಿ ಬರೆಯುವ ಪದ್ಧತಿ) ಹಿಡಿಯುವುದಿಲ್ಲ, ಮೆಸೇಜ್ ಬಾಕ್ಸಿನಲ್ಲೂ ಅದೇ ಕತೆ. ಆದರೆ ಎಕ್ಸೆಲ್‌ನ ಸೆಲ್‌ಗೆ ಕನ್ನಡದ ತೊಂದರೆ ಏನೂ ಇಲ್ಲ. ಅದಕ್ಕೆ ಸಂದೇಶಗಳನ್ನೆಲ್ಲ ಒಂದು ಬೇರೆ ಹಾಳೆಯ ಸೆಲ್‌ಗಳಲ್ಲಿ ಬರೆದಿಟ್ಟೆವು. ಮ್ಯಾಕ್ರೊ ಆ ಸೆಲ್ಲನ್ನು ನಮೂನೆಯ ಮೇಲಿನ ದೊಡ್ಡ ಸೆಲ್‌ಗೆ ತಂದು ಹಾಕುತ್ತದೆ. 'ಉಳಿಸಿದೆ, ತೆರೆದು ನೋಡಿದೆ, ಸರಿ ಇದೆ' ಅಂತ ಹಸಿರಿನಲ್ಲಿ. 'ಉಳಿದಿಲ್ಲ, ಅಳಿಸಬೇಡ, ಆಫೀಸಿಗೆ ಹೇಳು' ಅಂತ ಕೆಂಪಿನಲ್ಲಿ. ಫೈಲಿನ ಹೆಸರಿಗೆ ಮಾತ್ರ ಇಂಗ್ಲಿಷ್ ಅಕ್ಷರವೇ ಇಟ್ಟೆವು, ಯಾಕೆಂದರೆ ಡಿರ್ ಕೂಡ ಕನ್ನಡದ ಹೆಸರನ್ನು ಪ್ರಶ್ನೆ ಚಿಹ್ನೆ ಮಾಡಿ ಓದುತ್ತದೆ. ಕನ್ನಡ ಹೆಸರೇ ಬೇಕಿದ್ದವರು ಡಿರ್ ಬಿಟ್ಟು 'ಫೈಲ್ ಸಿಸ್ಟಮ್ ಆಬ್ಜೆಕ್ಟ್' ಹಿಡಿಯಬೇಕು.

ಮೂಲ ಫೈಲಿಗೂ ದಿನಾ ಒಂದು ನಕಲು ಬೇಕಲ್ಲ, ಅದಕ್ಕೆ 'ಸೇವ್‌ಕಾಪಿಆಸ್'. ಇದು ತೆರೆದ ಫೈಲನ್ನು ಹಾಗೇ ಬಿಟ್ಟು ಪಕ್ಕಕ್ಕೆ ಒಂದು ಪ್ರತಿ ಬರೆಯುತ್ತದೆ, ಬೇಕಾಗಿದ್ದದ್ದು ಇದೇ. ಮೊದಲ ದಿನದ ನಕಲು ತೆರೆಯಲು ಹೋದರೆ 'ಫಾರ್ಮ್ಯಾಟ್ ಸರಿ ಇಲ್ಲ' ಅಂತ ಬಂತು. ನಕಲಿನ ಹೆಸರಿಗೆ ಎಕ್ಸ್‌ಎಲ್‌ಎಸ್‌ಎಕ್ಸ್ ಅಂತ ಬರೆದಿದ್ದೆವು. ಸೇವ್‌ಕಾಪಿಆಸ್ ಫೈಲಿನ ಜಾತಿ ಬದಲಾಯಿಸುವುದಿಲ್ಲ, ಮೂಲ ಎಕ್ಸ್‌ಎಲ್‌ಎಸ್‌ಎಂ ಇದ್ದರೆ ನಕಲೂ ಎಕ್ಸ್‌ಎಲ್‌ಎಸ್‌ಎಂ ಅಂತಲೇ ಇರಬೇಕು. ಬ್ಯಾಕಪ್ ತೆರೆದು ನೋಡದೇ ಇದ್ದಿದ್ದರೆ ಇನ್ನೊಂದು ಅನಾಹುತ ಕಾದಿತ್ತು. ನಕಲಿನ ಹೆಸರಿಗೆ ಗಂಟೆ ನಿಮಿಷ ಸೇರಿಸಿ ಹೊರಗಿನ ಹಾರ್ಡ್ ಡಿಸ್ಕಿಗೆ ಬರೆಯುತ್ತೇವೆ.

ಮಾಲಕರು ಎಲ್ಲವನ್ನೂ ಒನ್‌ಡ್ರೈವ್‌ನಲ್ಲಿ (ಮೈಕ್ರೋಸಾಫ್ಟಿನ ಇಂಟರ್ನೆಟ್ ಸಂಗ್ರಹದಲ್ಲಿ) ಇಡೋಣ ಅಂದಿದ್ದರು. ಇಟ್ಟು ನೋಡಿದೆವು. ಫೈಲು ಎಲ್ಲಿದೆ ಅಂತ ಮ್ಯಾಕ್ರೊ ಕೇಳಿದರೆ ಡಿ ಡ್ರೈವಿನ ದಾರಿ ಬದಲು ಇಂಟರ್ನೆಟ್ ವಿಳಾಸ ಬರುತ್ತದೆ, ಡಿರ್‌ಗೆ ಅದು ಅರ್ಥವಾಗುವುದಿಲ್ಲ. ಸದ್ಯಕ್ಕೆ ಡಿ ಡ್ರೈವ್‌ನಲ್ಲೇ ಇಟ್ಟಿದ್ದೇವೆ. ಇನ್ನೊಂದು ಕಂಪ್ಯೂಟರಿಗೆ ಮೂಲ ಫೈಲನ್ನು ಮೇಲ್ ಮಾಡಿದಾಗ ಕೆಂಪು ಪಟ್ಟಿ ಬಂದು ಮ್ಯಾಕ್ರೊ ಓಡಲಿಲ್ಲ. ಇಂಟರ್ನೆಟ್ಟಿನಿಂದ ಬಂದ ಫೈಲಿನ ಮ್ಯಾಕ್ರೊವನ್ನು ಮೈಕ್ರೋಸಾಫ್ಟ್ 2022ರಿಂದ ತಾನಾಗಿಯೇ ತಡೆಯುತ್ತದೆ. ಫೈಲಿನ ಪ್ರಾಪರ್ಟೀಸ್‌ಗೆ ಹೋಗಿ ಅನ್‌ಬ್ಲಾಕ್ ಗುರುತು ಹಾಕಿದರೆ ಆಯಿತು. ಎಲ್ಲ ಮ್ಯಾಕ್ರೊಗೂ ಬಾಗಿಲು ತೆರೆದಿಡುವ ಸೆಟ್ಟಿಂಗ್ ಮಾತ್ರ ದಯವಿಟ್ಟು ಮಾಡಬೇಡಿ.

ಹಳೆಯ ಫೈಲುಗಳು

ಒಂದೇ ಫೋಲ್ಡರಿನಲ್ಲಿ 1,940 ಹಳೆಯ ರಿಪೋರ್ಟ್ ಇದ್ದವು. ಕೈಯಿಂದ ಆಗುವ ಕೆಲಸ ಅಲ್ಲ. ಒಂದೊಂದನ್ನೂ ಓದುವುದಕ್ಕೆ ಮಾತ್ರ ತೆರೆದು, ಪಾರ್ಟ್, ಲಾಟ್, ತಾರೀಖು ಓದಿ, ಮುಚ್ಚಿ, ಹೊಸ ಹೆಸರಿನಲ್ಲಿ ಹೊಸ ಫೋಲ್ಡರಿಗೆ ಕಾಪಿ ಮಾಡುವ ಇನ್ನೊಂದು ಮ್ಯಾಕ್ರೊ ಬರೆದೆವು. ಮುಚ್ಚಿದ ಮೇಲೇ 'ಫೈಲ್‌ಕಾಪಿ' ಮಾಡಬೇಕು. ತೆರೆದ ಫೈಲಿನ ಮೇಲೆ ಮಾಡಿದರೆ 70ನೇ ತಪ್ಪು, ಅನುಮತಿ ಇಲ್ಲ ಅಂತ. ಸರಿಸಲಿಲ್ಲ, ಅಳಿಸಲಿಲ್ಲ, ಕಾಪಿ ಮಾತ್ರ. ಹಳೆಯ ಫೋಲ್ಡರ್ ಇವತ್ತಿಗೂ ಹಾಗೇ ಇದೆ.

ಮೊದಲ ಸಲ ಓಡಿಸಿದಾಗ ಒಂದು ಫೈಲು ಆಗಿ ನಿಂತುಬಿಟ್ಟಿತು, 5ನೇ ತಪ್ಪು. ಅರ್ಧ ದಿನ ತಲೆ ಕೆಡಿಸಿಕೊಂಡೆವು. ಕೊನೆಗೆ ಗೊತ್ತಾದದ್ದು: ಡಿರ್‌ಗೆ ನೆನಪು ಒಂದೇ. ಫೋಲ್ಡರಿನ ಫೈಲುಗಳನ್ನು ಒಂದೊಂದಾಗಿ ಎಣಿಸುವುದಕ್ಕೂ ಡಿರ್, ಹೊಸ ಹೆಸರು ಮೊದಲೇ ಇದೆಯಾ ನೋಡುವುದಕ್ಕೂ ಡಿರ್ ಬಳಸಿದ್ದೆವು. ನಡುವೆ ಎರಡನೆಯದನ್ನು ಕೇಳಿದ ಕೂಡಲೇ ಮೊದಲನೆಯದು ಎಲ್ಲಿಗೆ ಬಂದಿತ್ತು ಅನ್ನುವುದು ಮರೆತು ಹೋಗುತ್ತದೆ. ಮೊದಲು ಹೆಸರುಗಳನ್ನೆಲ್ಲ ಒಂದು ಪಟ್ಟಿಗೆ ತುಂಬಿಕೊಂಡು, ಆಮೇಲೆ ಪಟ್ಟಿ ಹಿಡಿದು ಹೋದರೆ ಸರಿಯಾಯಿತು. ಒಂದು ಗಂಟೆಯೊಳಗೆ ಅಷ್ಟೂ ಫೈಲು ಮುಗಿಯಿತು.

ಮ್ಯಾಕ್ರೊ ಜೊತೆಗೇ ಒಂದು ಹಾಳೆ ಬರೆಯುತ್ತಾ ಹೋಗಿತ್ತು: ಹಳೆಯ ಹೆಸರು, ಹೊಸ ಹೆಸರು, ಹೊರಗಿನ ಹೆಸರೂ ಒಳಗಿನ ಪಾರ್ಟೂ ಹೊಂದುತ್ತದಾ ಇಲ್ಲವಾ. ಹೊಂದದೇ ಇದ್ದವು 37. ಅಂದರೆ ಮೇ 3ರಂಥವು ಇನ್ನೂ ಇದ್ದವು, ಯಾರೂ ಕೇಳಿರಲಿಲ್ಲ ಅಷ್ಟೇ. ಅವನ್ನು ಬೇರೆ ಫೋಲ್ಡರಿಗೆ ಹಾಕಿ, ಹುಡುಗ ವಹಿ ನೋಡಿ ಒಂದೊಂದಾಗಿ ಸರಿಮಾಡುತ್ತಾ ಬಂದ. ಹಳೆಯ ವಹಿಗಳನ್ನು ರದ್ದಿಗೆ ಹಾಕಬಾರದು ಅಂತ ಮಾಲಕರು ಹೇಳಿದ್ದಾರೆ. ಅವಕ್ಕೆ ಒಂದು ಕಬ್ಬಿಣದ ಬೀರು ಬಂದಿದೆ. 37ರಲ್ಲಿ 29 ಸಿಕ್ಕಿವೆ.

ನವೆಂಬರಿನಲ್ಲಿ ಇನ್ನೊಬ್ಬ ಕಸ್ಟಮರ್ ಕಡೆಯವರು ಆಡಿಟ್‌ಗೆ ಬಂದು ಒಂದು ಪಿನ್ ಎತ್ತಿ ಅದರ ಲಾಟಿನ ರಿಪೋರ್ಟ್ ಕೇಳಿದರು. ಹುಡುಗ ಪಾರ್ಟಿನ ಫೋಲ್ಡರ್, ವರ್ಷ, ಹೆಸರು ಅಂತ ಮೂರು ಕ್ಲಿಕ್ಕಿಗೆ ತೆರೆದು ತಿರುಗಿಸಿ ತೋರಿಸಿದ. ಅವರು ಗೇಜಿನ ಕ್ಯಾಲಿಬ್ರೇಶನ್ (ಗೇಜ್ ಸರಿ ಅಳೆಯುತ್ತದಾ ಅನ್ನುವ ಪರೀಕ್ಷೆ) ತಾರೀಖು ಎಲ್ಲಿ ಅಂತ ಕೇಳಿದರು. ಅದು ಬೇರೆ ಫೈಲಿನಲ್ಲಿತ್ತು, ಹುಡುಕಿ ಕೊಟ್ಟೆವು.

ಅವರು ಹೋದ ಮೇಲೆ ಅವನು ನನ್ನ ಟೇಬಲಿಗೆ ಬಂದ. "ಸರ, ಗೇಜಿನ ತಾರೀಖ ಮುಗದಿತ್ತಂದ್ರ ಬಟನ್ ಕೆಲಸಾನ ಮಾಡಬಾರದ್ರಿ. ಹಂಗ ಮಾಡಾಕ ಬರ್ತೈತೇನ್ರಿ?"

ಬರುತ್ತದೆ ಅಂದೆ. ಗೇಜುಗಳ ಪಟ್ಟಿ ತಯಾರು ಮಾಡ್ಕೊಂಡು ಬಾ, ಗುರುವಾರ ಕೂಡೋಣ ಅಂದೆ.